ಡಿಸ್ಕ್ ಬ್ರೇಕಿನದೆಂದು ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್ ಮಾರಿದರು: ಹಳೆಯ ಕಾರಿನವರು ಎಚ್ಚರ

ಹಳೆಯ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸಿಕೊಂಡು, ಅದಕ್ಕೆ ಹೊಂದುವ ಮಾಸ್ಟರ್ ಸಿಲಿಂಡರಿಗಾಗಿ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತುತ್ತಿರುವವರು ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಬೋಲ್ಟಿನ ತೂತು ಕೂಡಿದ ಮಾತ್ರಕ್ಕೆ ಸಿಲಿಂಡರ್ ಹೊಂದಿದಂತಲ್ಲ. ಅಲ್ಲಿನ ಒಂದು ಅಂಗಡಿಯವರು ತೂತು ಕೂಡಿದ್ದನ್ನೇ ತೋರಿಸಿ, ನಾನು ಬೇಡವೆಂದು ಬರೆದು ಕೊಟ್ಟಿದ್ದ ವಸ್ತುವನ್ನೇ ನನಗೆ ಮಾರಿದರು.

ನಮ್ಮದು 1980ರ ದಶಕದ ಪ್ರೀಮಿಯರ್ ಪದ್ಮಿನಿ. ಕಾರ್ಖಾನೆಯಿಂದ ಬಂದಾಗ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. ಈಗ ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಇಲ್ಲ, ಮತ್ತು ಸಿಲಿಂಡರನ್ನು ಎಂಜಿನ್ ಕೋಣೆಯ ಗೋಡೆಗೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರುಗಳಿಗಿಂತ ಎತ್ತರದಲ್ಲಿ ಕೂರಿಸಲಾಗಿದೆ. ಆದ್ದರಿಂದ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದುಕೊಂಡು ಹೋಗಿದ್ದೆ: ಮುಕ್ಕಾಲು ಇಂಚಿನ ಬೋರ್ (ಒಳಗಿನ ವ್ಯಾಸ), ಎರಡು ಪ್ರತ್ಯೇಕ ಆಯಿಲ್ ಲೈನುಗಳ ಟ್ಯಾಂಡೆಮ್ ಸಿಲಿಂಡರ್, ಡಿಸ್ಕಿಗೆ ಹೋಗುವ ಲೈನಿನಲ್ಲಿ ಒತ್ತಡ ಹಿಡಿದಿಡುವ ವಾಲ್ವ್ ಇರಕೂಡದು. ಡ್ರಮ್ ಬ್ರೇಕಿನ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡವನ್ನು ಉಳಿಸುವ ಆ ವಾಲ್ವಿನಿಂದ ಚಕ್ರದ ಸಿಲಿಂಡರಿನ ರಬ್ಬರುಗಳು ಬಿಗಿಯಾಗಿ ನಿಲ್ಲುತ್ತವೆ. ಅಲ್ಲಿ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂಗಳನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುವುದರಿಂದ ತೊಂದರೆಯಿಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಆ ವಾಲ್ವ್ ಇದ್ದರೆ, ಕಾಲು ತೆಗೆದರೂ ಪ್ಯಾಡುಗಳು ಡಿಸ್ಕನ್ನು ಒತ್ತಿಕೊಂಡೇ ಇರುತ್ತವೆ.

ಅಂಗಡಿಯವರು ಚೀಟಿ ಓದಿದರು, ಒಳಗಿನಿಂದ ದಪ್ಪವಾಗಿ ಕಪ್ಪು ಬಣ್ಣ ಬಳಿದ ಸಿಲಿಂಡರೊಂದನ್ನು ತಂದು ನನ್ನ ಹಳೆಯದರ ಪಕ್ಕದಲ್ಲಿಟ್ಟು, "ನೋಡಿ ಸಾರ್, ತೂತು ಕರೆಕ್ಟಾಗಿ ಕೂತ್ಕೊಳ್ತು, ಡಿಸ್ಕಿಂದೇ ಇದು" ಎಂದರು. ಬೋರ್ ಎಷ್ಟು ಎಂದು ಕೇಳಿದೆ. "ನೀವು ಬರೆದಿರೋದೇ" ಎಂದರು. ವಾಲ್ವ್ ಬಗ್ಗೆ ಕೇಳಿದೆ. "ಇಲ್ಲ ಸಾರ್, ಮೂವತ್ತು ವರ್ಷದಿಂದ ಇದೇ ಮಾಡ್ತಿದೀನಿ" ಎಂದರು. ಇಷ್ಟು ಕೇಳಿ, ಇಷ್ಟು ಉತ್ತರ ಪಡೆದೇ ನಾನು ಹಣ ಕೊಟ್ಟದ್ದು.

ಕೂರಿಸಿ, ಬ್ರೇಕ್ ಲೈನಿನ ಗಾಳಿ ತೆಗೆದು, ಕನಕಪುರ ರಸ್ತೆಯ ಕಡೆ ಹೊರಟರೆ ಬನಶಂಕರಿ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಎಷ್ಟು ಒತ್ತಿದರೂ ಕಾರು ನಿಲ್ಲಬೇಕಾದಲ್ಲಿ ನಿಲ್ಲುತ್ತಿರಲಿಲ್ಲ, ಕಾಲು ತೆಗೆದರೆ ಮುಂದಿನ ಚಕ್ರಗಳು ಬಿಡುತ್ತಿರಲಿಲ್ಲ. ಡಾಟ್ 3 ಬ್ರೇಕ್ ಆಯಿಲ್ ಹೊಸದಿದ್ದರೆ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವಾಂಶ ಹೀರಿಕೊಂಡಿದ್ದರೆ 140ರಲ್ಲೇ. ಡಿಸ್ಕ್ ಹೀಗೆ ಉಜ್ಜುತ್ತಲೇ ಓಡಿದರೆ ಆ ಬಿಸಿ ಏರಲು ಹೆಚ್ಚು ಹೊತ್ತು ಬೇಡ. ಆಯಿಲ್ ಕುದ್ದ ಮೇಲೆ ಪೆಡಲ್ ನೆಲ ಮುಟ್ಟುತ್ತದೆ. ಕಾರಿನಲ್ಲಿ ಮನೆಯವರೂ ಇದ್ದರು ಎಂಬುದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಗ್ಯಾರೇಜಿನಲ್ಲಿ ಮೊದಲು ಪೆಡಲಿನಿಂದ ಸಿಲಿಂಡರನ್ನು ಒತ್ತುವ ಸರಳಾದ ಪುಶ್‌ರಾಡಿನ ಸಡಿಲ ನೋಡಿದರು, ಅದು ಸರಿಯಾಗಿತ್ತು. ಸಿಲಿಂಡರಿನ ಬೋಲ್ಟ್ ಸಡಿಲಿಸಿ ಮುಂದಕ್ಕೆ ಎಳೆದರೂ ಚಕ್ರ ಬಿಡಲಿಲ್ಲ. ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ಹಗುರವಾಗಿ ತಿರುಗಿತು. ಬಿಚ್ಚಿದರೆ ಒಳಗೆ ಅದೇ ರಬ್ಬರ್ ವಾಲ್ವ್, ಒಂದಲ್ಲ, ಎರಡೂ ಲೈನಿನಲ್ಲಿ. ಮೆಕ್ಯಾನಿಕ್ ಥಿನ್ನರ್ ಬಟ್ಟೆಯಿಂದ ಕಪ್ಪು ಬಣ್ಣವನ್ನು ಒರೆಸುತ್ತ ಹೋದಂತೆ ಎರಕದಲ್ಲಿ ಮೂಡಿದ್ದ 7/8 ಎಂಬ ಅಂಕಿ ಕಾಣಿಸಿತು. ಮುಕ್ಕಾಲು ಇಂಚು ಅಲ್ಲವೇ ಅಲ್ಲ! ಅಂಕಿಯನ್ನು ಮರೆಮಾಡಲೆಂದೇ ಬಣ್ಣ ಬಳಿದಿದ್ದಾರೆ ಎಂದು ಆಗ ಅರ್ಥವಾಯಿತು. ಗ್ಯಾರೇಜಿನ ಹುಡುಗರೆಲ್ಲ ನೋಡುತ್ತಿರುವಾಗ ನನಗಾದ ಅವಮಾನವನ್ನು ಹೇಳಲಾರೆ. ವ್ಯತ್ಯಾಸ ಸಣ್ಣದೆಂದು ಯಾರೂ ತಿಳಿಯಬಾರದು: ಬೋರಿನ ಕ್ಷೇತ್ರಫಲ ಸುಮಾರು 285 ಚದರ ಮಿಲಿಮೀಟರಿನಿಂದ 388ಕ್ಕೆ ಏರುತ್ತದೆ, ಅಂದರೆ ಕಾಲಿನ ಅದೇ ಬಲಕ್ಕೆ ಲೈನಿನ ಒತ್ತಡ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಡ್ರಮ್ಮಿನ ಶೂ ತಿರುಗುವ ಡ್ರಮ್ಮಿನೊಂದಿಗೆ ತಾನೇ ಬಿಗಿಯುತ್ತದೆ, ಡಿಸ್ಕಿಗೆ ಆ ಸಹಾಯವಿಲ್ಲ. ಬೂಸ್ಟರ್ ಇಲ್ಲದ ಕಾರಿನಲ್ಲಿ ಇದು ನೇರ ಅಪಾಯ.

ಅಂಗಡಿಗೆ ಒಯ್ದರೆ ಮೊದಲ ಉತ್ತರ, "ಫಿಟಿಂಗ್ ಸರಿ ಮಾಡಿಲ್ಲ." ವಾಲ್ವ್ ತೋರಿಸಿದೆ. "ಅದೊಂದು ರಬ್ಬರ್ ಸಾರ್, ಕಿತ್ತು ಬಿಸಾಕಿ." ಬ್ರೇಕಿನ ವಿಷಯದಲ್ಲಿ ಹೇಳುವ ಮಾತೇ ಇದು? 7/8 ತೋರಿಸಿದೆ. "ಮಾಡಿಫೈ ಮಾಡಿರೋ ಗಾಡಿಗೆ ಗ್ಯಾರಂಟಿ ಇಲ್ಲ, ಆಯಿಲ್ ತಾಗಿದ ಮಾಲು ವಾಪಸ್ ತಗೊಳಲ್ಲ." ಚೀಟಿಯ ಮಾತೆತ್ತಿದಾಗ, "ಯಾವ ಚೀಟಿ?" ಎಂದರು. ಯಾವ ಚೀಟಿ ಎಂದರು! ಬಿಲ್ಲಿನಲ್ಲಿ ಅವರು ಬರೆದದ್ದು "ಬ್ರೇಕ್ ಸಿಲಿಂಡರ್ 1" ಎಂದಷ್ಟೇ.

ಆದ್ದರಿಂದ ಬೋರಿನ ಅಳತೆ, ಡಿಸ್ಕಿನದೋ ಡ್ರಮ್ಮಿನದೋ, ವಾಲ್ವ್ ಇದೆಯೋ ಇಲ್ಲವೋ, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯಲು ಒಪ್ಪದವರಲ್ಲಿ ಕೊಳ್ಳಬೇಡಿ. ಬಣ್ಣ ಬಳಿದದ್ದನ್ನು ಮುಟ್ಟಲೇಬೇಡಿ. ಪೈಪ್ ಕೂರುವ ತೂತಿನಲ್ಲಿ ತೆಳುವಾದ ತಂತಿ ತೂರಿಸಿ, ಸ್ವಲ್ಪದರಲ್ಲೇ ಮೆತ್ತಗೆ ತಡೆದರೆ ಒಳಗೆ ವಾಲ್ವ್ ಇದೆ ಎಂದರ್ಥ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ಅಲ್ಲಿ ದೂರು ಕೊಟ್ಟಿದ್ದೇನೆ, ಸಿಲಿಂಡರನ್ನೂ ಒರೆಸಿದ ಬಣ್ಣದ ಫೋಟೋಗಳನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ.