ಗ್ಲೋರಿಯಾ ಎಸ್ಟೆಫಾನ್ ಅವರ 'ಬ್ರೆಜಿಲ್305': ಹಳೇ ಹಿಟ್‌ಗಳಿಗೆ ಬೇರೆ ನಡೆ

ತಮ್ಮ ಹಳೇ ಹಾಡುಗಳನ್ನೇ ಮತ್ತೆ ಹಾಡಿ ಆಲ್ಬಂ ಮಾಡುವವರ ಬಗ್ಗೆ ನನಗೆ ಅಷ್ಟು ಆಸಕ್ತಿ ಇಲ್ಲ. ಆದರೆ 2020ರಲ್ಲಿ ಬಂದ ಈ ಆಲ್ಬಂ ಮನಸ್ಸಿಗೆ ಹಿಡಿಸಿಬಿಟ್ಟಿದೆ. ಕ್ಯೂಬಾದ ಹವಾನಾದಲ್ಲಿ ಹುಟ್ಟಿ ಅಮೆರಿಕದ ಮಯಾಮಿಯಲ್ಲಿ ಬೆಳೆದ ಗಾಯಕಿ ಗ್ಲೋರಿಯಾ ಎಸ್ಟೆಫಾನ್ ತಮ್ಮ ಡಾನ್ಸ್-ಪಾಪ್ ಹಿಟ್‌ಗಳನ್ನು ಬ್ರೆಜಿಲ್ ವಾದಕರ ಕೈಗೆ ಕೊಟ್ಟಿದ್ದಾರೆ. ಹೆಸರಿನಲ್ಲಿರುವ 305 ಮಯಾಮಿಯ ಫೋನ್ ಕೋಡ್.

ಮೊದಲು 'ಕಾಂಗಾ' ಕೇಳಿ. 1985ರ ಮೂಲ ಹಾಡಿನಲ್ಲಿ ಪಿಯಾನೋ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತದೆ, ಕಹಳೆಗಳು ನಡುನಡುವೆ ಬಂದು ಎರಗುತ್ತವೆ, ಉಸಿರಾಡಲೂ ಬಿಡುವಿಲ್ಲ. ಇಲ್ಲಿ ಅದು 'ಸಾಂಬಾ' ಅನ್ನುವ ಹಾಡಾಗಿದೆ. ಬ್ರೆಜಿಲ್‌ನ ಕುಣಿತದ ಸಂಗೀತವಾದ ಸಾಂಬಾದಲ್ಲಿ ಸುರ್ದೋ ಅನ್ನುವ ದೊಡ್ಡ ಡ್ರಮ್‌ನದ್ದೇ ಯಜಮಾನಿಕೆ. ಎರಡು ಎಣಿಕೆಯ ತಾಳದಲ್ಲಿ ಅದರ ಭಾರದ ಪೆಟ್ಟು ಬೀಳುವುದು ಎರಡನೆಯದಕ್ಕೆ. ಪ್ರತಿ ಎಣಿಕೆಗೂ ಕಿಕ್ ಡ್ರಮ್ ಸಮವಾಗಿ ಬೀಳುವ ಪಾಪ್‌ಗೆ ಒಗ್ಗಿದ ಕಾಲು ಮೊದಲು ಸ್ವಲ್ಪ ತಡವರಿಸುತ್ತದೆ, ಆಮೇಲೆ ಸೊಂಟ ತಾನಾಗಿ ಲಯ ಹಿಡಿಯುತ್ತದೆ, ತಂಬೊರಿಂ ಅನ್ನುವ ಅಂಗೈಯಗಲದ ಡ್ರಮ್ ಮೇಲೆ ಸಣ್ಣ ಕೋಲು ಚಟಪಟ ಅಂತ ಬೀಳುತ್ತಿದ್ದರೆ ಕೂತಲ್ಲಿ ಕೂರುವುದು ಕಷ್ಟ.

ಹೀಗೆ ಬದಲಾಯಿಸಿದರೂ ಹಾಡು ಕೆಡುವುದಿಲ್ಲ. ಕ್ಯೂಬಾಕ್ಕೂ ಬ್ರೆಜಿಲ್‌ಗೂ ಗುಲಾಮರನ್ನಾಗಿ ಹೊತ್ತೊಯ್ದ ಆಫ್ರಿಕಾದ ಜನರಲ್ಲಿ ಪಶ್ಚಿಮ ಆಫ್ರಿಕಾದ ಯೊರುಬಾ ಸಮುದಾಯದವರು ಬಹಳ ಇದ್ದರು. ಎರಡೂ ಕಡೆಯ ತಾಳವಾದ್ಯಗಳ ಬೇರು ಆಫ್ರಿಕಾದಲ್ಲೇ ಇದೆ. ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರು ಬಹಳ ವರ್ಷದ ಮೇಲೆ ಸಿಕ್ಕ ಹಾಗಿದೆ. ಸುಮ್ನೆ ಮೇಲಿಂದ ಸ್ವಲ್ಪ ಬ್ರೆಜಿಲ್ ಉದುರಿಸುವ ಪಾಪ್ ಹಾಡುಗಳು ಬೇಕಾದಷ್ಟಿವೆ ಅಲ್ವಾ, ಇಲ್ಲಿ ಲಯವನ್ನೇ ಬುಡದಿಂದ ಕಟ್ಟಿದ್ದಾರೆ.

'ಮಗಲೇನ್ಯಾ' ನನಗೆ ತುಂಬಾ ಇಷ್ಟ. ಬ್ರೆಜಿಲ್‌ನ ಬಾಹಿಯಾ ರಾಜ್ಯದ ಕಾರ್ಲಿನ್ಯೋಸ್ ಬ್ರೌನ್ ಬರೆದ ಹಾಡು, 1992ರಲ್ಲಿ ಬ್ರೆಜಿಲ್‌ನ ಸಂಗೀತಗಾರ ಸೆರ್ಜಿಯೋ ಮೆಂಡೆಸ್ ಅವರ ಆಲ್ಬಂನಿಂದ ಜಗತ್ತಿಗೆಲ್ಲ ಗೊತ್ತಾಯಿತು. ಇಲ್ಲಿ ಬ್ರೌನ್ ಅವರೇ ಜೊತೆಗೆ ಹಾಡಿದ್ದಾರೆ.

ಕೊರತೆ ಅಂದರೆ ಉದ್ದ. 18 ಹಾಡು ಜಾಸ್ತಿಯಾಯಿತು. ನಿಧಾನದ ಪ್ರೇಮಗೀತೆಗಳು ಒಂದೊಂದಾಗಿ ಕೇಳಿದರೆ ಹಿತವಾಗಿವೆ, ಆದರೆ ಕುಣಿಯುವ ಹುಮ್ಮಸ್ಸಿನಲ್ಲಿದ್ದಾಗ ಓಟ ತಗ್ಗಿಸುತ್ತವೆ. ಅವನ್ನು ಬೇರೆ ಪ್ಲೇಲಿಸ್ಟ್‌ಗೆ ಹಾಕಿಕೊಳ್ಳಿ. ಇನ್ನೊಂದು ಮಾತು, ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಸುರ್ದೋದ ತಗ್ಗಿನ ದನಿ ಅದರಲ್ಲಿ ಬರುವುದೇ ಇಲ್ಲ. ಒಳ್ಳೆ ಹೆಡ್‌ಫೋನ್ ಹಾಕಿ, ಸಾಧ್ಯವಾದರೆ 1985ರ 'ಕಾಂಗಾ'ವನ್ನೂ ಇಲ್ಲಿನ 'ಸಾಂಬಾ'ವನ್ನೂ ಒಂದರ ಹಿಂದೆ ಒಂದು ಕೇಳಿ.