ನಾಲ್ಕು ವರ್ಷ ಪದ ಕೂಡಿಟ್ಟಿತು, ಒಂದನ್ನೂ ಬಾಯಿಬಿಟ್ಟು ಹೇಳಲಿಲ್ಲ

ಪರದೆ ಮೇಲೆ ಪುಸ್ತಕ ಓದೋ ಈ ಇ-ರೀಡರನ್ನು ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ 4,500 ರೂಪಾಯಿಗೆ ತಗೊಂಡೆ. ಪರದೆ, ಬ್ಯಾಟರಿ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳೋದು ಇದರ ಪದಪಟ್ಟಿ ಬಗ್ಗೆ ಮಾತ್ರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಸಹಕಾರಿ ಸೊಸೈಟಿಯಲ್ಲಿ ಕೆಲಸ. ನನ್ನ ಇಂಗ್ಲಿಷ್ ಅಷ್ಟೂ ಓದಿ ಬಂದದ್ದು, ಕೇಳಿ ಬಂದದ್ದಲ್ಲ.

ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು. ಟಿಕೆಟ್ ತಗೊಂಡು ಚಿಲ್ಲರೆ ಜೇಬಿಗೆ ಹಾಕಿದ ಮೇಲೇ ಇದನ್ನ ಹೊರಗೆ ತೆಗೆಯೋದು. ಗೊತ್ತಿಲ್ಲದ ಪದದ ಮೇಲೆ ಬೆರಳು ಒತ್ತಿ ಹಿಡಿದರೆ ಅರ್ಥ ಬರುತ್ತೆ, ಪದ ತಾನು ಸಿಕ್ಕಿದ ವಾಕ್ಯದ ಸಮೇತ ಪಟ್ಟಿಗೆ ಹೋಗಿ ಕೂರುತ್ತೆ. ಆ ವಾಕ್ಯ ಜೊತೆಗಿರೋದೇ ದೊಡ್ಡ ಲಾಭ. ಸೊಸೈಟಿಯಲ್ಲಿ 'ಸ್ಯಾಂಕ್ಷನ್' ಅಂದರೆ ಸಾಲ ಮಂಜೂರಾಯ್ತು ಅಂತ. ಪುಸ್ತಕದಲ್ಲಿ ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರು ಅಂತ ಓದಿದಾಗ, ಪಾಪ, ದುಡ್ಡು ಕೊಟ್ಟರೇನೋ ಅಂದುಕೊಂಡಿದ್ದೆ. ಈಗ ಪಟ್ಟಿಯಲ್ಲಿ ಮಂಜೂರಾತಿಯ ವಾಕ್ಯವೂ ಇದೆ, ನಿರ್ಬಂಧದ ವಾಕ್ಯವೂ ಇದೆ. ಇನ್ನು ಮರೆಯಲ್ಲ.

ಮೂರನೇ ವರ್ಷದವರೆಗೂ ಕೇಳಿದವರಿಗೆಲ್ಲ 'ಕಣ್ಣು ಮುಚ್ಚಿ ತಗೊಳ್ಳಿ' ಅಂತಿದ್ದೆ. ಆಮೇಲೆ ಒಂದು ಭಾನುವಾರ ಅಕ್ಕನ ಮಗಳು ಬೆಂಗಳೂರಿಂದ ಬಂದಿದ್ದಳು. ಊಟಕ್ಕೆ ಕೂತಾಗ ಯಾರದೋ ಗುಣಗಾನ ಮಾಡ್ತಾ ತಾಳ್ಮೆಯ 'ಎಪಿಟೋಮ್' ಅಂದೆ. ಅವಳು ಅನ್ನ ಕಲಸೋದು ನಿಲ್ಲಿಸಿ, "ಮಾವ, ಅದು ಇಪಿಟಮಿ" ಅಂದಳು. ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆ ಪದಕ್ಕೆ ನಾನು ಪಟ್ಟಿಯಲ್ಲಿ 'ಕಲಿತಾಯ್ತು' ಗುರುತು ಹಾಕಿ ಎರಡು ವರ್ಷ ಆಗಿತ್ತು!

ಅವತ್ತು ರಾತ್ರಿ ಕಲಿತಾದ 312 ಪದಗಳನ್ನೂ ಒಂದೊಂದಾಗಿ ಮೊಬೈಲಿನಲ್ಲಿ ಕೇಳಿಸಿಕೊಂಡೆ. 87 ತಪ್ಪು. ಎ-ಡಬ್ಲ್ಯು-ಆರ್-ವೈ ಅನ್ನೋದನ್ನ 'ಆವ್ರಿ' ಅಂತ ಓದ್ತಿದ್ದೆ, ಅದು 'ಅರೈ'. ಹಡಗು ನಿಲ್ಲೋ ಕಟ್ಟೆ 'ಕ್ವೇ' ಅಲ್ಲ, 'ಕೀ'. ಆರೋಪ ಹೊರಿಸೋದು 'ಇಂಡಿಕ್ಟ್' ಅಲ್ಲ, 'ಇಂಡೈಟ್'. ಬರೆದ ಹಾಗೆ ಓದೋ ಭಾಷೆಯಲ್ಲಿ ಬೆಳೆದವರು ನಾವು, ಅಕ್ಷರವನ್ನ ನಂಬಿಬಿಡ್ತೀವಿ. ಅಲ್ಲಿ ಅಕ್ಷರಕ್ಕೇ ನಿಯತ್ತಿಲ್ಲ. ದಿನಾ ಟೇಬಲ್ ಮೇಲೆ ನೋಡೋ 'ಡೆಟ್' (ಸಾಲ) ಪದದ 'ಬಿ' ಯಾರೂ ಉಚ್ಚರಿಸುತ್ತಿದ್ದ ಅಕ್ಷರವಲ್ಲ, ಲ್ಯಾಟಿನ್ ಮೂಲ ಕಾಣಲಿ ಅಂತ ಪಂಡಿತರು ಆಮೇಲೆ ತುರುಕಿದ್ದು. 'ರಿಸೀಟ್'ಗೆ 'ಪಿ' ಅಂಟಿತು, ಅದರ ದಾಯಾದಿ 'ಡಿಸೀಟ್' ಹೇಗೋ ತಪ್ಪಿಸಿಕೊಂಡಿತು.

ಈ ಸಾಧನಕ್ಕೆ ಸ್ಪೀಕರೂ ಇಲ್ಲ, ಹೆಡ್‌ಫೋನ್ ಸಿಕ್ಕಿಸೋ ತೂತೂ ಇಲ್ಲ. ಪದ ಕಲಿಸೋ ಸೌಲಭ್ಯ ಕೊಟ್ಟು ಸದ್ದು ಕೊಡದಿದ್ದರೆ ಅದೆಂಥ ಕಲಿಕೆ? ಇದೇ ಸಿಟ್ಟಿಗೆ ಒಂದು ತಿಂಗಳು ಬೀರುವಿನಲ್ಲಿಟ್ಟಿದ್ದೆ.

ತಪ್ಪು ಪೂರ್ತಿ ಅದರದ್ದಲ್ಲ ಅಂತ ಗೊತ್ತಾಗಿದ್ದು ಮತ್ತೆ ತೆಗೆದಾಗ. ಅರ್ಥದ ಪೆಟ್ಟಿಗೆಯಲ್ಲಿ ಪದದ ಪಕ್ಕದಲ್ಲೇ ಎರಡು ಓರೆಗೆರೆಗಳ ನಡುವೆ ಉಚ್ಚಾರಣೆ ಇದ್ದೇ ಇತ್ತು. ತಲೆಕೆಳಗಾದ 'ಇ' ನೋಡಿ ಇದು ನಮಗಲ್ಲ ಅಂತ ಹಾರಿಸಿಬಿಡ್ತಿದ್ದೆ. ಆ ಬೋರಲು ಅಕ್ಷರ ಸುಮಾರಾಗಿ ನಮ್ಮ 'ಅ'ನೇ, ಸೋಮಾರಿಯಾಗಿ ಅಂದರೆ ಸಾಕು. ಮೇಲ್ಗಡೆ ಬರೋ ಸಣ್ಣ ನಿಂತ ಗೀಟು, ಮುಂದಿನ ಭಾಗವನ್ನ ಒತ್ತಿ ಹೇಳು ಅನ್ನೋ ಸೂಚನೆ. ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗೀತು.

ಈಗ ಬಸ್ಸಿನಲ್ಲಿ ಒತ್ತಿದ ಪದಗಳನ್ನ ರಾತ್ರಿ 30 ರೂಪಾಯಿಯ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಬರೀತೀನಿ. ಒತ್ತಬೇಕಾದ ಕಡೆ ಕೆಂಪು ಪೆನ್ನಿನ ಗೆರೆ. ಇಪಿಟಮಿಯಲ್ಲಿ 'ಪಿ' ಕೆಳಗೆ. 'ಝಡ್' ಸದ್ದಿಗೆ 'ಜ' ಕೆಳಗೆ ಎರಡು ಚುಕ್ಕಿ ಇಡ್ತೀನಿ. ಬರೆದು ಒಂದು ಸಲ ಗಟ್ಟಿಯಾಗಿ ಹೇಳಬೇಕು, ಹೆಂಡತಿಗೆ ಅಭ್ಯಾಸ ಆಗಿದೆ. ದಿನಕ್ಕೆ ಐದೇ ಪದ. ಮೊದಲು ಮೂವತ್ತು ಒತ್ತುತ್ತಿದ್ದೆ, ಮರುದಿನ ಮೂರೂ ನೆನಪಿರ್ತಿರಲಿಲ್ಲ.

ಐದರಲ್ಲಿ ಮೂರೂವರೆ ಕೊಡ್ತೀನಿ. ಇಂಗ್ಲಿಷ್ ಕೇಳ್ತಾ ಬೆಳೆದವರಿಗೆ ಇನ್ನೂ ಅರ್ಧ ಸೇರಿಸಿಕೊಳ್ಳಿ. ನನ್ನ ಥರ ಓದಿಯೇ ಕಲಿತವರು ಬ್ಲೂಟೂತ್ ಇರೋ ಮಾದರಿ ಹುಡುಕಿ, ಆದರೆ ಪದಕ್ಕೆ ಪದ ಓದಿ ಹೇಳುತ್ತಾ ಅಂತ ಅಂಗಡಿಯಲ್ಲೇ ಒತ್ತಿ ನೋಡಿ. ಕೆಲವು ಮಾದರಿಗಳು ಪುಸ್ತಕ ಮಾತ್ರ ಓದುತ್ತವೆ, ಪದ ಕೇಳಿದರೆ ಸುಮ್ಮನಿರ್ತವೆ. ಇವತ್ತಿನ ಪದ 'ಹೈಪರ್ಬಲಿ', ಅಂದರೆ ಉತ್ಪ್ರೇಕ್ಷೆ. ಇಷ್ಟು ದಿನ 'ಹೈಪರ್‌ಬೋಲ್' ಅಂತಿದ್ದೆ. ಲೆಕ್ಕಕ್ಕೆ 88.