ಹಾಸನದ ಸಾಲಗಾಮೆ ರಸ್ತೆಯ ಜಿಮ್ಮಿನ ಮಕ್ಕಳ ಬ್ಯಾಚು: ನಾಲ್ಕು ತಿಂಗಳಾದ ಮೇಲೆ

ಮಗನಿಗೆ ಹನ್ನೊಂದು ವರ್ಷ, ತೂಕ 58 ಕೆ.ಜಿ. ಡಾಕ್ಟರು ಚಾರ್ಟಿನಲ್ಲಿ ಇಟ್ಟ ಚುಕ್ಕೆ ಬೊಜ್ಜಿನ ಗೆರೆ ದಾಟಿ ಕೂತಾಗ ಎದೆ ಧಸಕ್ ಎಂದಿತು. ಮೊದಲು ಸೇರಿಸಿದ ಕಡೆ ಬರೀ ಓಡಿಸುತ್ತಿದ್ದರು. ಉಳಿದವರು ಎರಡು ಸುತ್ತು ಮುಗಿಸುವಷ್ಟರಲ್ಲಿ ಇವನದು ಒಂದು. ಹದಿನೈದೇ ದಿನಕ್ಕೆ "ಅಮ್ಮಾ, ಹೊಟ್ಟೆನೋವು" ಶುರುವಾಯಿತು.

ಇಲ್ಲಿ ಮೊದಲ ವಾರ ಕಬ್ಬಿಣ ಮುಟ್ಟಿಸಲೇ ಇಲ್ಲ. ಬೆನ್ನುದ್ದಕ್ಕೂ ಒಂದು ಪಿವಿಸಿ ಪೈಪು ಹಿಡಿಸಿ, ತಲೆ, ಬೆನ್ನು, ಸೊಂಟ ಮೂರೂ ಅದಕ್ಕೆ ತಾಕಿಕೊಂಡಿರುವಂತೆ ಬಗ್ಗುವುದನ್ನು ಕಲಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತು ಏಳುವುದು, ಗೋಡೆಗೆ ಕೈಕೊಟ್ಟು ಪುಷ್‌ಅಪ್. 10-12 ಸಲ, ಎರಡು ಸುತ್ತು. ಬೆನ್ನು ಪೈಪು ಬಿಟ್ಟಿತೋ, ಅಲ್ಲಿಗೇ ನಿಲ್ಲಿಸುತ್ತಾರೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಮೂರನೇ ವಾರ 8 ಕೆ.ಜಿ. ಕೆಟಲ್‌ಬೆಲ್ (ಮೇಲೆ ಹಿಡಿಯಿರುವ ಕಬ್ಬಿಣದ ಗುಂಡು) ಕೊಟ್ಟರು. ತೆಳ್ಳಗಿನ ಹುಡುಗರು ತಿಣುಕಿದ್ದನ್ನು ಇವನು ಸಲೀಸಾಗಿ ಎತ್ತಿ ನಿಂತ. ದಿನವಿಡೀ ಅಷ್ಟು ಮೈಭಾರ ಹೊರುವ ಕಾಲು, ಬಲ ಮೊದಲೇ ಇತ್ತು. ಎಲ್ಲದರಲ್ಲೂ ಕೊನೆಗೆ ಬರುತ್ತಿದ್ದ ಹುಡುಗ ಅವತ್ತು ತಿರುಗಿ ನನ್ನ ಮುಖ ನೋಡಿದ. ಅವತ್ತಿನಿಂದ ಹೊಟ್ಟೆನೋವಿಲ್ಲ.

"ಈ ವಯಸ್ಸಲ್ಲಿ ಭಾರ ಎತ್ತಿಸಿದ್ರೆ ಮಗ ಕುಳ್ಳಗೇ ಉಳ್ಕೊಳಲ್ವೇನವ್ವಾ?" ಅಂತ ಅತ್ತೆಗೆ ದಿಗಿಲು. ಕಲಿಸುವವರು ಪಕ್ಕದಲ್ಲಿದ್ದು ಕ್ರಮ ಸರಿಯಿದ್ದರೆ ಬೆಳವಣಿಗೆಗೆ ತೊಂದರೆಯಿಲ್ಲ, ಎಷ್ಟು ಎತ್ತಬಲ್ಲ ಅನ್ನೋ ಪಂತ ಮಾತ್ರ ಬೇಡ ಅಂದರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು, ಮೂಳೆ ಗಟ್ಟಿಯಾಗುವ ವ್ಯಾಯಾಮ ಹೇಳುತ್ತದೆ. ಹಾಗಾಗಿ ಉಳಿದ ದಿನ ಮಹಾರಾಜ ಪಾರ್ಕಿನಲ್ಲಿ ಆಟ. ಮೊನ್ನೆ ಅತ್ತೆ ಅಕ್ಕಿ ಚೀಲಕ್ಕೆ ಬಗ್ಗಿದಾಗ, "ಹಂಗಲ್ಲ ಅಜ್ಜಿ, ಸೊಂಟ ಹಿಂದಕ್ಕೆ ತಗೋ" ಅಂತ ತೋರಿಸಿ ತಾನೇ ಎತ್ತಿಟ್ಟ.

ತೂಕ ಇಳಿದದ್ದು ಒಂದೇ ಕೆ.ಜಿ. ಎತ್ತರ 2 ಸೆಂ.ಮೀ. ಏರಿದೆ, ಸೊಂಟದ ಸುತ್ತಳತೆ 4 ಸೆಂ.ಮೀ. ಇಳಿದಿದೆ. ತಕ್ಕಡಿಯೊಂದನ್ನೇ ನಂಬಿದ್ದರೆ ನಾನು ಎರಡನೇ ತಿಂಗಳಿಗೇ ಬಿಡಿಸಿಬಿಡುತ್ತಿದ್ದೆ. ಇದು ಜಿಮ್ಮೊಂದರ ಕೆಲಸವೂ ಅಲ್ಲ, ಸಂಜೆಯ ಬೇಕರಿ ಪಫ್ಸ್ ಬಿಡಿಸಿದ್ದೇವೆ. ಅಯ್ಯಂಗಾರ್ ಬೇಕರಿಗಳ ತವರಲ್ಲಿ ಅದೇ ದೊಡ್ಡ ಸಾಹಸ.

ಕೊರತೆಯೂ ಇದೆ. ಮ್ಯಾಟುಗಳು ಹರಿದಿವೆ. ಆರೂವರೆಗೆ ದೊಡ್ಡವರ ಬ್ಯಾಚು ನುಗ್ಗಿದರೆ ಮಕ್ಕಳಿಗೆ ಜಾಗವಿರುವುದಿಲ್ಲ. ತೂಕದ ಯಂತ್ರ ಬಾಗಿಲಲ್ಲೇ ಇತ್ತು, ಎಲ್ಲರೆದುರು ಮಕ್ಕಳನ್ನು ನಿಲ್ಲಿಸಬೇಡಿ ಸರ್ ಅಂದೆ. ಮಾರನೇ ದಿನವೇ ಒಳಗಿಟ್ಟರು. ತಿಂಗಳಿಗೆ 1,200 ರೂಪಾಯಿ. ಸೇರಿಸುವ ಮೊದಲು ಒಂದು ದಿನ ಕೂತು ನೋಡಲು ಬಿಡುತ್ತಾರೆ, ಐದೂಕಾಲಿಗೆಲ್ಲ ಹೋಗಿ.